‘ಬಸ್ ಸ್ಟ್ಯಾಂಡ್’: ಒಂದು ಸಮಾಸಪದದ ಅರ್ಥಚರಿತ್ರೆ (ಕಲಾಸಿಪಾಳ್ಯದ ನಿದರ್ಶನದೊಡನೆ)

೧

ಕನ್ನಡಕ್ಕೆ ಇಂಗ್ಲಿಷಿನಿಂದ ಬಂದ ಪದಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ವಿದ್ಯಾವಂತರ ಗ್ರಂಥಗಳ ಮೂಲಕ, ಪಾಠಶಾಲೆಗಳ ಮೂಲಕ, ಸರ್ಕಾರದ ಆಜ್ಞೆಗಳ ಮೂಲಕ ಬಂದವು ಒಂದು ವರ್ಗ. ಓದುಬರಹದ ಹಂಗಿಲ್ಲದೆ ಜನರ ಬಾಯಿಂದ ಬಾಯಿಗೆ ಹರಡಿ ನೆಲೆಗೊಂಡವು ಇನ್ನೊಂದು. ಮೊದಲನೆಯ ವರ್ಗದ ಪದಗಳ ಚರಿತ್ರೆಗೆ ನಿಘಂಟುಗಳು ನೆರವಾಗುತ್ತವೆ. ಎರಡನೆಯ ವರ್ಗದವುಗಳ ಚರಿತ್ರೆಯನ್ನಾದರೋ ಬೀದಿಯ ಬಳಕೆ, ಪುರಸಭೆಯ ವ್ಯವಸ್ಥೆ, ವಾಹನಗಳ ಕಾನೂನು, ಊರಿನ ರಚನೆ ಇವುಗಳಲ್ಲಿ ಅರಸಬೇಕಾಗುತ್ತದೆ. ‘ಬಸ್ ಸ್ಟ್ಯಾಂಡ್’ ಎಂಬುದು ಈ ಎರಡನೆಯ ವರ್ಗಕ್ಕೆ ಸೇರಿದ ಪದ. ಅಕ್ಷರವರಿಯದ ಕನ್ನಡಿಗನಿಗೂ ಇದರ ಅರ್ಥ ತಿಳಿದಿದೆ. ತಿಳಿದಿದೆಯೆಂಬ ಕಾರಣದಿಂದಲೇ ಅದನ್ನು ಯಾರೂ ವಿಚಾರಿಸಿ ನೋಡುವುದಿಲ್ಲ.

ವಿಚಾರಿಸಿ ನೋಡಿದರೆ ಈ ಪದದಲ್ಲಿ ಒಂದು ತೊಡಕು ಕಾಣುತ್ತದೆ. ‘ಸ್ಟ್ಯಾಂಡ್’ ಎಂದರೆ ನಿಲ್ಲುವ ಸ್ಥಳವಷ್ಟೆ. ಹಾಗಾದರೆ ಅಲ್ಲಿ ನಿಲ್ಲುವವರು ಯಾರು? ಬಸ್ಸು ನಿಲ್ಲುವುದರಿಂದ ಅದು ಬಸ್ ಸ್ಟ್ಯಾಂಡೋ, ಬಸ್ಸಿಗಾಗಿ ಜನ ನಿಲ್ಲುವುದರಿಂದ ಬಸ್ ಸ್ಟ್ಯಾಂಡೋ? ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಈ ಒಂದೇ ಪದವನ್ನು ಚಾಲಕನು ತನ್ನ ವಾಹನವನ್ನು ಬಿಟ್ಟಿರುವ ಜಾಗವೆಂದೂ, ಪ್ರಯಾಣಿಕನು ತಾನು ಮೂಟೆಯೊಡನೆ ಕಾದಿರುವ ಜಾಗವೆಂದೂ, ಅಂಗಡಿಯವನು ತನ್ನ ವಿಳಾಸದ ಒಂದು ಭಾಗವೆಂದೂ ಬಳಸುತ್ತಾನೆ. ಇವು ಕೇವಲ ಅರ್ಥಛಾಯೆಗಳಲ್ಲ. ಸಾರ್ವಜನಿಕ ಸ್ಥಳವೊಂದು ಯಾರಿಗಾಗಿ ಇರತಕ್ಕದ್ದು ಎಂಬ ಪ್ರಶ್ನೆ ಇವುಗಳ ಹಿಂದೆ ಇದೆ. ಆ ಪ್ರಶ್ನೆಗೆ ಇಂಗ್ಲಿಷು ಒಂದು ರೀತಿಯಾಗಿಯೂ ಕನ್ನಡ ಜನತೆ ಇನ್ನೊಂದು ರೀತಿಯಾಗಿಯೂ ಉತ್ತರ ಕೊಟ್ಟಿವೆ. ಕಾನೂನು ಇಂದಿಗೂ ಇಂಗ್ಲಿಷಿನ ಉತ್ತರವನ್ನೇ ಹಿಡಿದುಕೊಂಡಿದೆ. ಇದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಸಮಾಸದ ಎರಡು ಅವಯವಗಳನ್ನು ಬಿಡಿಯಾಗಿ ನೋಡೋಣ.

‘ಬಸ್’ ಎಂಬುದು ವಾಸ್ತವವಾಗಿ ಒಂದು ಪದವಲ್ಲ, ವಿಭಕ್ತಿಯ ಬಾಲ. ಲ್ಯಾಟಿನ್ ಭಾಷೆಯಲ್ಲಿ ‘ಓಮ್ನಿಬಸ್’ ಎಂದರೆ ‘ಎಲ್ಲರಿಗೆ’. ‘ಎಲ್ಲ’ ಎಂಬರ್ಥದ ಶಬ್ದದ ಚತುರ್ಥೀ ಬಹುವಚನ. ೧೮೨೬ರಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ ಸ್ತಾನಿಸ್ಲಾ ಬೋದ್ರಿ ಎಂಬಾತನು ನಡೆಸಿದ ಕುದುರೆಗಾಡಿಗಳಿಗೆ ಈ ಹೆಸರು ಬಂದಿತು. ೧೮೨೯ರಲ್ಲಿ ಜಾರ್ಜ್ ಶಿಲಿಬಿಯರ್ ಎಂಬಾತನು ಲಂಡನ್ನಿನಲ್ಲಿ ಅಂಥದೇ ಗಾಡಿಯನ್ನು ಓಡಿಸಲಾರಂಭಿಸಿದಾಗ ಗಾಡಿಯೊಡನೆ ಹೆಸರೂ ಅಲ್ಲಿಗೆ ಹೋಯಿತು. ಜನರು ಕಾಲಕ್ರಮದಲ್ಲಿ ಮುಂದಿನ ಭಾಗವನ್ನು ಬಿಟ್ಟು ಬಾಲವನ್ನು ಮಾತ್ರ ಉಳಿಸಿಕೊಂಡರು. ಕನ್ನಡದಲ್ಲಿ ‘ಎಲ್ಲರಿಗೆ’ ಎಂಬ ಮಾತನ್ನು ಮೊಟಕುಮಾಡಿ ವಾಹನವೊಂದನ್ನು ‘ರಿಗೆ’ ಎಂದು ಕರೆದರೆ ಹೇಗೋ ಹಾಗೆ ಇದು.

ಆದರೆ ಬಿಟ್ಟುಹೋದ ಭಾಗದಲ್ಲಿಯೇ ಪದದ ಸತ್ತ್ವವಿತ್ತೆಂಬುದನ್ನು ಮರೆಯಬಾರದು. ೧೬೬೨ರಲ್ಲಿ ಗಣಿತಜ್ಞನಾದ ಪ್ಯಾಸ್ಕಲನ ಯೋಜನೆಯಂತೆ ಪ್ಯಾರಿಸ್ಸಿನಲ್ಲಿ ಗೊತ್ತಾದ ದರಕ್ಕೆ, ಗೊತ್ತಾದ ದಾರಿಯಲ್ಲಿ ಓಡಾಡುವ ಗಾಡಿಗಳು ಹೊರಟಿದ್ದವು. ಅವುಗಳಲ್ಲಿ ಸಾಮಾನ್ಯ ಸೈನಿಕರೂ ಸೇವಕರೂ ಕೂಲಿಕಾರರೂ ಹತ್ತಕೂಡದೆಂದು ಅಲ್ಲಿಯ ನ್ಯಾಯಸಭೆ ವಿಧಿಸಿತು. ಆ ಪ್ರಯತ್ನ ಬಹುಕಾಲ ಬಾಳಲಿಲ್ಲ. ಇದರೊಡನೆ ಹೋಲಿಸಿದಾಗ ‘ಎಲ್ಲರಿಗೆ’ ಎಂಬ ಹೆಸರಿನ ಮಹತ್ತ್ವ ಸ್ಪಷ್ಟವಾಗುತ್ತದೆ. ದರ ತೆತ್ತ ಯಾರನ್ನೂ ಹತ್ತಬೇಡವೆನ್ನಲಾಗದ ವಾಹನವೆಂಬುದೇ ಬಸ್ಸಿನ ಮೂಲ ಲಕ್ಷಣ. ಭಾರತದಲ್ಲಿ ಮುಂಬಯಿ ನಗರದ ಮೊದಲ ಮೋಟಾರು ಬಸ್ಸು ಓಡಿದ್ದು ೧೯೨೬ರ ಜುಲೈ ೧೫ರಂದು. ತಮಿಳುನಾಡಿನಲ್ಲಿ ದೂರದ ಊರುಗಳಿಗೆ ಹೋಗುವ ಖಾಸಗಿ ವಾಹನಗಳನ್ನು ಇಂದಿಗೂ ‘ಆಮ್ನಿ ಬಸ್’ ಎಂದು ಕರೆಯುತ್ತಾರೆ. ಲ್ಯಾಟಿನಿನ ಪೂರ್ಣರೂಪ ಅದರ ಬಾಲದೊಡನೆಯೇ ಮತ್ತೆ ಕೂಡಿಕೊಂಡಿರುವುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸತಕ್ಕ ವಿಚಿತ್ರ. ಎಲ್ಲರಿಗೂ ಎಂಬ ಹೆಸರು, ಹೆಚ್ಚಿನ ದರ ತೆರಬಲ್ಲವರಿಗೆ ಮೀಸಲಾದ ವಾಹನಕ್ಕೆ ಅಂಟಿಕೊಂಡಿರುವುದು ಇನ್ನೂ ವಿಚಿತ್ರ.

‘ಸ್ಟ್ಯಾಂಡ್’ ಎಂಬುದು ಸಂಸ್ಕೃತದ ‘ಸ್ಥಾ’ ಧಾತುವಿನ ಜ್ಞಾತಿ. ಬಾಡಿಗೆಯ ವಾಹನ ಗಿರಾಕಿಗಾಗಿ ಕಾದು ನಿಲ್ಲಲು ಅನುಮತಿ ಪಡೆದ ಸ್ಥಳವೆಂಬುದು ವಾಹನಗಳ ಸಂಬಂಧದಲ್ಲಿ ಅದಕ್ಕಿರುವ ಹಳೆಯ ಅರ್ಥ. ೧೬೩೪ರಲ್ಲಿ ಲಂಡನ್ನಿನಲ್ಲಿ ಕ್ಯಾಪ್ಟನ್ ಬೇಲಿ ಎಂಬಾತನು ತನ್ನ ನಾಲ್ಕು ಬಾಡಿಗೆ ಗಾಡಿಗಳನ್ನು ಒಂದು ಗೊತ್ತಾದ ಜಾಗದಲ್ಲಿ ನಿಲ್ಲಿಸಿದುದೇ ಇಂಥ ಸ್ಟ್ಯಾಂಡುಗಳಿಗೆ ಮೊದಲೆಂದು ಹೇಳುತ್ತಾರೆ. ಇಲ್ಲಿ ನಿಂತದ್ದು ಗಾಡಿ, ಗಿರಾಕಿಯಲ್ಲ. ಈ ಅರ್ಥ ಇಂಗ್ಲೆಂಡಿನಲ್ಲಿ ಇನ್ನೂ ಮಾಸಿಲ್ಲ. ಲಂಡನ್ನಿನ ಸಾರಿಗೆಯ ಪರಿಭಾಷೆಯಲ್ಲಿ ‘ಬಸ್ ಸ್ಟ್ಯಾಂಡ್’ ಎಂದರೆ ಒಂದು ಸರದಿ ಮುಗಿಸಿದ ಬಸ್ಸು ಮುಂದಿನ ಸರದಿಯವರೆಗೆ ಖಾಲಿಯಾಗಿ ನಿಂತಿರುವ ಜಾಗ. ಪ್ರಯಾಣಿಕರು ಹತ್ತಿ ಇಳಿಯುವುದು ‘ಬಸ್ ಸ್ಟಾಪ್’. ಹಲವು ಸ್ಟಾಪುಗಳು ಕಟ್ಟಡದೊಡನೆ ಕೂಡಿದ್ದರೆ ‘ಬಸ್ ಸ್ಟೇಷನ್’. ಕನ್ನಡಿಗನು ‘ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನವನಿಗೆ ಹೇಳಿದರೆ ಅವನು ತಪ್ಪಾಗಿ ತಿಳಿಯುವ ಸಂಭವವುಂಟು.

೩

ಇಂಥ ಪದ ನಮ್ಮ ನಾಡಿಗೆ ಬಂದಾಗ ಇಲ್ಲಿ ಅದಕ್ಕೆ ನೆಲ ಸಿದ್ಧವಾಗಿತ್ತು. ಎತ್ತಿನ ಬಂಡಿಗಳು ಪೇಟೆಯ ಬಳಿ ನಿಲ್ಲಲು ಜಾಗ ಗೊತ್ತುಮಾಡಿ ಅದಕ್ಕೆ ಶುಲ್ಕ ವಸೂಲು ಮಾಡುವ ಪದ್ಧತಿ ಮೋಟಾರಿಗಿಂತ ಹಳೆಯದು. ಅಂದಿನ ಮದ್ರಾಸು ಆಧಿಪತ್ಯದಲ್ಲಿದ್ದ ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೂ ಅನ್ವಯಿಸುತ್ತಿದ್ದ ೧೯೨೦ರ ಮದ್ರಾಸು ಜಿಲ್ಲಾ ಪುರಸಭೆಗಳ ಶಾಸನದಲ್ಲಿ ಬಂಡಿ ಸ್ಟ್ಯಾಂಡುಗಳ ಪ್ರಸ್ತಾಪವಿದೆ. ಬಂಡಿ ಸ್ಟ್ಯಾಂಡು, ಜಟಕಾ ಸ್ಟ್ಯಾಂಡು, ಬಸ್ ಸ್ಟ್ಯಾಂಡು, ಆಟೋ ಸ್ಟ್ಯಾಂಡು ಎಂಬ ಸಾಲಿನಲ್ಲಿ ಎರಡನೆಯ ಅವಯವ ಸ್ಥಿರವಾಗಿ ನಿಂತು ಮೊದಲನೆಯದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಈ ಎಲ್ಲ ಪದಗಳಲ್ಲಿಯೂ ಸ್ಟ್ಯಾಂಡು ಎಂದರೆ ವಾಹನದ ಜಾಗ, ಮತ್ತು ಪುರಸಭೆಗೆ ಆದಾಯ ತರುವ ಜಾಗ. ಖಾಸಗಿ ಬಸ್ಸುಗಳ ಸ್ಟ್ಯಾಂಡು ಶುಲ್ಕವನ್ನು ವಸೂಲು ಮಾಡುವ ಹಕ್ಕನ್ನು ಪುರಸಭೆಗಳು ಹರಾಜು ಹಾಕುವ ಪದ್ಧತಿಗೆ ಮೂಲ ಇಲ್ಲಿದೆ.

ಪ್ರಯಾಣ ಮಾಡುವ ಮನುಷ್ಯನಿಗಾಗಿ ಇದ್ದ ಏರ್ಪಾಡು ಬೇರೆಯೇ ಆಗಿತ್ತು. ಛತ್ರ, ಅರವಟ್ಟಿಗೆ, ಮಂಟಪ, ಅಶ್ವತ್ಥಕಟ್ಟೆ ಇವು ಅದರ ರೂಪಗಳು. ಇವು ಶುಲ್ಕದ ವಿಷಯಗಳಲ್ಲ, ಧರ್ಮದ ವಿಷಯಗಳು. ರೈಲು ಬಂದ ಮೇಲೂ ಈ ಭಾವನೆ ಕೆಡಲಿಲ್ಲವೆಂಬುದಕ್ಕೆ ಬೆಂಗಳೂರು ನಗರ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ೧೯೦೩ರಲ್ಲಿ ಸ್ಥಾಪಿಸಿದ ಛತ್ರವೇ ಸಾಕ್ಷಿ. ಹೀಗೆ ನಮ್ಮಲ್ಲಿ ವಾಹನ ನಿಲ್ಲುವ ಸ್ಥಳ ಒಂದು, ಜನ ತಂಗುವ ಸ್ಥಳ ಇನ್ನೊಂದು ಎಂಬ ಭೇದ ಮೊದಲಿನಿಂದಲೂ ಇತ್ತು. ಬಸ್ಸು ಬಂದ ಮೇಲೆ ಈ ಎರಡೂ ಒಂದೇ ಜಾಗದಲ್ಲಿ ಕೂಡಬೇಕಾಯಿತು. ಕೂಡಿದ ಸ್ಥಳಕ್ಕೆ ವಾಹನದ ಕಡೆಯ ಹೆಸರು ನಿಂತಿತು.

ಹೆಸರು ಕನ್ನಡದ ಬಾಯಿಗೆ ಹೊಂದಿಕೊಂಡ ಬಗೆಯನ್ನೂ ನೋಡಬೇಕು. ಹ್ರಸ್ವಸ್ವರವುಳ್ಳ ಒಂಟಿ ಅಕ್ಷರದ ಇಂಗ್ಲಿಷ್ ಪದಗಳು ಕನ್ನಡದಲ್ಲಿ ಕೊನೆಯ ವ್ಯಂಜನಕ್ಕೆ ದ್ವಿತ್ವವನ್ನೂ ಉಕಾರವನ್ನೂ ಪಡೆಯುತ್ತವೆ: ಬಸ್ಸು, ಪೆನ್ನು, ಕಪ್ಪು. ದೀರ್ಘವಿದ್ದರೆ ಉಕಾರ ಮಾತ್ರ: ಕಾರು, ರೈಲು. ಈ ಸಮಾಸದಲ್ಲಿಯಾದರೋ ಪೂರ್ವಪದ ‘ಬಸ್ಸು’ ಆಗದೆ ‘ಬಸ್’ ಎಂದೇ ಉಳಿದು ಉತ್ತರಪದ ಮಾತ್ರ ಉಕಾರವನ್ನು ಪಡೆಯುತ್ತದೆ: ‘ಬಸ್ ಸ್ಟ್ಯಾಂಡು’. ಮಾತಿನಲ್ಲಿ ಎರಡು ಸಕಾರಗಳು ಒಂದಾಗಿ ‘ಬಸ್ಟ್ಯಾಂಡು’, ‘ಬಸ್ಟಾಂಡು’ ಎಂದಾಗುತ್ತದೆ. ‘ಬಸ್ಟ್ಯಾಂಡಿಗೆ’, ‘ಬಸ್ಟ್ಯಾಂಡಲ್ಲಿ’ ಎಂದು ವಿಭಕ್ತಿಗಳು ಹತ್ತುತ್ತವೆ. ಇಂಗ್ಲಿಷರ ಎರಡು ಪದಗಳು ಕನ್ನಡಿಗರಿಗೆ ಒಂದೇ ಪದವಾದುವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಒಂದೇ ಪದವಾದ ಮೇಲೆ ಅದರ ಅರ್ಥ ಅವಯವಗಳ ಅರ್ಥಕ್ಕೆ ಕಟ್ಟುಬೀಳಬೇಕಾದದ್ದಿಲ್ಲ. ಹಾಗೆ ಬಿಡುಗಡೆ ಹೊಂದಿದುದರಿಂದಲೇ ಅದು ಖಾಲಿ ಬಸ್ಸು ನಿಲ್ಲುವ ಜಾಗವೆಂಬ ಅರ್ಥವನ್ನು ಕಳಚಿ, ಜನ ಸೇರುವ, ಕಾಯುವ, ಕೂಡುವ, ಅಗಲುವ ಸ್ಥಳವೆಂಬ ವಿಶಾಲವಾದ ಅರ್ಥವನ್ನು ತಳೆಯಿತು.

೪

ಕಾನೂನಿನ ಭಾಷೆಯಲ್ಲಿ ಈ ಬದಲಾವಣೆ ನಡೆಯಲಿಲ್ಲ. ೧೯೩೯ರ ಮೋಟಾರು ವಾಹನಗಳ ಶಾಸನದಲ್ಲಿಯೂ ಅದರ ಸ್ಥಾನಕ್ಕೆ ಬಂದ ೧೯೮೮ರ ಶಾಸನದ ೧೧೭ನೆಯ ಪ್ರಕರಣದಲ್ಲಿಯೂ ವಾಹನಗಳು ನಿಲ್ಲುವ ಸ್ಥಳಗಳನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಪ್ರಯಾಣಿಕರನ್ನು ಹತ್ತಿಸಿ ಇಳಿಸಲು ಅವಶ್ಯವಾದುದಕ್ಕಿಂತ ಹೆಚ್ಚು ಹೊತ್ತು ಸಾರ್ವಜನಿಕ ವಾಹನ ಎಲ್ಲಿ ನಿಲ್ಲಬಹುದು ಎಂಬುದು ಅಲ್ಲಿಯ ಅಳತೆಗೋಲು. ಈ ಅಳತೆಯನ್ನು ಸೂಕ್ಷ್ಮವಾಗಿ ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಪ್ರಯಾಣಿಕನಿಗೆ ಬೇಕಾದಷ್ಟು ಹೊತ್ತು ಮಾತ್ರ ನಿಂತರೆ ಅದು ಸ್ಟಾಪು. ಪ್ರಯಾಣಿಕನಿಗೆ ಬೇಕಾದುದಕ್ಕಿಂತ ಮಿಗಿಲಾಗಿ ನಿಂತರೆ ಅದು ಸ್ಟ್ಯಾಂಡು. ಅಂದಮೇಲೆ ಕಾನೂನಿನ ದೃಷ್ಟಿಯಲ್ಲಿ ಸ್ಟ್ಯಾಂಡಿನ ವಿಶೇಷ ಲಕ್ಷಣವೇ ಪ್ರಯಾಣಿಕನಿಗೆ ಸಂಬಂಧಿಸದ ಕಾಲ. ಜನರ ಮಾತಿನಲ್ಲಿ ಪ್ರಯಾಣಿಕನ ಸ್ಥಳವಾದದ್ದು ಶಾಸನದಲ್ಲಿ ಇನ್ನೂ ವಾಹನದ ಸ್ಥಳವಾಗಿಯೇ ಉಳಿದಿದೆ.

ಇದೇ ಶಾಸನಗಳು ಬಾಡಿಗೆಯ ವಾಹನಗಳಲ್ಲಿ ಇನ್ನೊಂದು ಭೇದವನ್ನು ಮಾಡುತ್ತವೆ. ಪ್ರತಿಯೊಬ್ಬ ಪ್ರಯಾಣಿಕನಿಂದ ಬೇರೆಬೇರೆಯಾಗಿ ದರ ಪಡೆದು, ಪೂರ್ತಿ ದಾರಿಗಾಗಲಿ ಅದರ ಮಜಲುಗಳಿಗಾಗಲಿ ಕರೆದೊಯ್ಯುವುದು ಮಜಲು ವಾಹನ. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಗೊತ್ತುಮಾಡಿಕೊಂಡು, ಆ ಒಪ್ಪಂದಕ್ಕೆ ಸೇರದ ಯಾರನ್ನೂ ದಾರಿಯಲ್ಲಿ ಹತ್ತಿಸದೆ ಇಳಿಸದೆ ಹೋಗುವುದು ಒಪ್ಪಂದ ವಾಹನ. ಮೊದಲನೆಯದು ‘ಎಲ್ಲರಿಗೆ’ ಎಂಬ ಮೂಲಾರ್ಥಕ್ಕೆ ಒಪ್ಪುವ ಬಸ್ಸು. ಎರಡನೆಯದಕ್ಕೆ ಬಸ್ಸಿನ ಆಕಾರವಿದೆ, ಬಸ್ಸಿನ ಲಕ್ಷಣವಿಲ್ಲ. ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಹತ್ತಿಸಿಕೊಳ್ಳಲು ಅಧಿಕಾರವಿಲ್ಲದ ಈ ವಾಹನಕ್ಕೆ, ತರ್ಕದ ಪ್ರಕಾರ, ಪ್ರಯಾಣಿಕರು ಕಾಯುವ ಸ್ಟ್ಯಾಂಡಿನ ಅಗತ್ಯವೂ ಇಲ್ಲ. ಬೆಂಗಳೂರಿನಲ್ಲಿ ಈ ತರ್ಕ ವಸ್ತುಸ್ಥಿತಿಯೊಡನೆ ಮುಖಾಮುಖಿಯಾದ ಸ್ಥಳವೇ ಕಲಾಸಿಪಾಳ್ಯ.

೫

ಕಲಾಸಿಪಾಳ್ಯವೆಂಬ ಹೆಸರೂ ಒಂದು ಸಮಾಸವೇ. ‘ಖಲಾಸಿ’ ಎಂಬುದು ಅರಬ್ಬೀ ಮೂಲದಿಂದ ಹಿಂದೂಸ್ಥಾನಿಯ ಮೂಲಕ ಬಂದ ಪದ. ಸೈನ್ಯದಲ್ಲಿ ಡೇರೆಗಳನ್ನು ಹೂಡುವ, ಕೀಳುವ, ಸಾಮಾನು ಸಾಗಿಸುವ ಕೆಲಸಗಾರನಿಗೂ, ಹಡಗಿನ ಆಳಿಗೂ, ಭೂಮಾಪನದಲ್ಲಿ ಸರಪಣಿ ಹಿಡಿಯುವವನಿಗೂ ಈ ಹೆಸರಿತ್ತೆಂಬುದು ೧೮೮೬ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಿಂದ ತಿಳಿಯುತ್ತದೆ. ಮಹಾಪ್ರಾಣ ಅಲ್ಪಪ್ರಾಣವಾಗುವುದು ಕನ್ನಡದ ಮಾತಿನಲ್ಲಿ ಸಹಜವಾದುದರಿಂದ ‘ಖಲಾಸಿ’ ‘ಕಲಾಸಿ’ಯಾಯಿತು. ‘ಪಾಳ್ಯ’ವು ‘ಪಾಳೆಯ’ದ ಸಂಕುಚಿತ ರೂಪ, ದಂಡು ಬೀಡುಬಿಟ್ಟ ಸ್ಥಳವೆಂದು ಅರ್ಥ. ‘ಪಾಳೆಯಗಾರ’ ಎಂಬಲ್ಲಿ ಹಳೆಯ ಅರ್ಥ ಉಳಿದಿದೆ. ಗೋರಿಪಾಳ್ಯ, ತಿಗಳರಪಾಳ್ಯ, ಮುನಿರೆಡ್ಡಿಪಾಳ್ಯಗಳಲ್ಲಿ ಅದು ಕೇವಲ ಜನವಸತಿಯೆಂಬ ಅರ್ಥಕ್ಕೆ ಇಳಿದಿದೆ. ೧೭೬೧ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ, ೧೭೯೧ರಲ್ಲಿ ಕಾರ್ನ್‌ವಾಲಿಸನು ಹಿಡಿದ ಕೋಟೆಯ ನೆರೆಯಲ್ಲಿ ಖಲಾಸಿಗಳ ಪಾಳೆಯವಿದ್ದದ್ದು ಯುಕ್ತವಾಗಿಯೇ ಇದೆ.

ಇಲ್ಲಿ ಒಂದು ಸ್ವಾರಸ್ಯವಾದ ಹೊಂದಿಕೆಯನ್ನು ಹೇಳಬೇಕು. ಕನ್ನಡದಲ್ಲಿ ಬಸ್ಸು ಲಾರಿಗಳಲ್ಲಿ ಚಾಲಕನಿಗೆ ನೆರವಾಗುವವನನ್ನು ‘ಕ್ಲೀನರ್’ ಎನ್ನುತ್ತೇವೆ; ಹಿಂದಿ, ಬಂಗಾಳಿ, ಒಡಿಯಾ ಮಾತನಾಡುವ ನಾಡುಗಳಲ್ಲಿ ಅವನನ್ನು ‘ಖಲಾಸಿ’ ಎಂದೇ ಕರೆಯುತ್ತಾರೆ. ರೈಲ್ವೆ ಇಲಾಖೆಯಲ್ಲಿಯೂ ಬಹುಕಾಲ ಆ ಹೆಸರಿನ ಹುದ್ದೆಯಿತ್ತು. ದಂಡಿನ ಖಲಾಸಿಗಳ ಹೆಸರು ಹೊತ್ತ ಪಾಳ್ಯವೇ ಮುಂದೆ ಬಸ್ಸು ಲಾರಿಗಳ ಕೇಂದ್ರವಾದದ್ದು ಆಕಸ್ಮಿಕ. ಆದರೆ ಎರಡಕ್ಕೂ ಒಂದು ಸಾಮಾನ್ಯವಾದ ಕಾರಣವುಂಟು. ಕೋಟೆ ಮತ್ತು ಪೇಟೆಗಳ ಅಂಚಿನಲ್ಲಿ, ಊರಿನ ಒಳಗೆ ಹಿಡಿಸದ ಬಂಡಿ, ಪ್ರಾಣಿ, ಸಾಮಾನು, ಆಳುಗಳು ತಂಗುವ ಬಯಲು ಅದಾಗಿತ್ತು. ಬಗಲಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಸುತ್ತ ಸಗಟು ತರಕಾರಿ ವ್ಯಾಪಾರ, ಸಾಮಾನು ಸಾಗಿಸುವವರ ಕಚೇರಿಗಳು. ಹೊಸೂರು, ಆನೇಕಲ್ಲು, ಕನಕಪುರಗಳ ಕಡೆಯಿಂದ ಸರಕು ಪೇಟೆಗೆ ಬರುವ ದಿಕ್ಕು. ಇಂಥಲ್ಲಿ ಸ್ಟ್ಯಾಂಡು ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು.

ಸಾರಿಗೆಯ ಆಡಳಿತ ಬದಲಾದಂತೆ ಈ ಸ್ಟ್ಯಾಂಡಿನ ಅರ್ಥವೂ ಬದಲಾಯಿತು. ನಗರದೊಳಗಿನ ಸಂಚಾರಕ್ಕೆ ೧೯೪೦ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಏರ್ಪಟ್ಟಿತು; ೧೯೫೬ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎಂದು ಹೆಸರಿಟ್ಟಿತು. ಹೊರ ಊರುಗಳ ಸಂಚಾರಕ್ಕೆ ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾಯಿತು. ೧೯೬೧ರ ಆಗಸ್ಟ್ ೧ರಂದು ಅದು ನಿಗಮವಾಯಿತು. ನಗರ ಸಾರಿಗೆ ಮತ್ತೆ ಪ್ರತ್ಯೇಕ ಸಂಸ್ಥೆಯಾದದ್ದು ೧೯೯೭ರ ಆಗಸ್ಟ್ ೧೫ರಂದು. ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆದ್ದ ಮೆಜೆಸ್ಟಿಕ್ಕಿನ ನಿಲ್ದಾಣ ಸರ್ಕಾರದ ಬಸ್ಸುಗಳ ಕೇಂದ್ರವಾದಂತೆಲ್ಲ ಕಲಾಸಿಪಾಳ್ಯವು ಜನರ ಮನಸ್ಸಿನಲ್ಲಿ ‘ಪ್ರೈವೇಟ್ ಬಸ್ ಸ್ಟ್ಯಾಂಡ್’ ಎಂದು ಉಳಿಯಿತು. ಒಂದು ಸಮಾಸಕ್ಕೆ ಇನ್ನೊಂದು ವಿಶೇಷಣ ಸೇರಿ ಮೂರು ಪದಗಳ ಸಮಾಸವಾಯಿತು. ಅದಕ್ಕೆ ಎದುರಾಗಿ ‘ಸರ್ಕಾರಿ ಬಸ್ ಸ್ಟ್ಯಾಂಡ್’ ಎಂಬುದೂ ಹುಟ್ಟಿತು.

೧೯೭೬ರಲ್ಲಿ ಕರ್ನಾಟಕ ಒಪ್ಪಂದ ವಾಹನಗಳ ಸ್ವಾಧೀನ ಶಾಸನ ಬಂದಿತು. ಖಾಸಗಿಯವರ ಒಪ್ಪಂದ ವಾಹನಗಳು ಸಾರ್ವಜನಿಕ ಹಿತಕ್ಕೆ ಬಾಧಕವಾಗಿ ನಡೆಯುತ್ತಿವೆಯೆಂಬುದು ಅದಕ್ಕೆ ಕೊಟ್ಟ ಕಾರಣ. ಈ ಶಾಸನವನ್ನು ಸರ್ವೋಚ್ಚ ನ್ಯಾಯಾಲಯವು ೧೯೭೭ರಲ್ಲಿ ರಂಗನಾಥ ರೆಡ್ಡಿ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಖಾಸಗಿಯವರ ಸ್ವತ್ತೂ ಸಮುದಾಯದ ಭೌತಿಕ ಸಂಪತ್ತಿನಲ್ಲಿ ಸೇರುತ್ತದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಸಂದರ್ಭದಲ್ಲಿ ಬರೆದ ಪ್ರತ್ಯೇಕ ಅಭಿಪ್ರಾಯವು ನಮ್ಮ ಸಂವಿಧಾನದ ಚರ್ಚೆಯಲ್ಲಿ ದಶಕಗಳ ಕಾಲ ಪ್ರಸಿದ್ಧವಾಗಿತ್ತು. ೨೦೨೪ರ ನವೆಂಬರಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಆ ಅಭಿಪ್ರಾಯದ ವ್ಯಾಪ್ತಿಯನ್ನು ಒಪ್ಪಲಿಲ್ಲ. ಬಸ್ಸು ಯಾರದು ಎಂಬ ಕರ್ನಾಟಕದ ಪ್ರಶ್ನೆ ದೇಶದ ಸಂಪತ್ತು ಯಾರದು ಎಂಬ ಪ್ರಶ್ನೆಯಾಗಿ ಬೆಳೆದದ್ದು ಚರಿತ್ರೆಯ ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕ ಸಂಗತಿ.

ಆದರೆ ಈ ಎಲ್ಲ ವಾದಗಳೂ ಬಸ್ಸನ್ನು ಕುರಿತವು. ಬಸ್ಸಿಗಾಗಿ ಕಾಯುವವನನ್ನು ಕುರಿತವಲ್ಲ. ಮುಂದೆ ಖಾಸಗಿ ವಾಹನಗಳು ಒಪ್ಪಂದ ವಾಹನಗಳಾಗಿಯೋ ಪ್ರವಾಸಿ ವಾಹನಗಳಾಗಿಯೋ ಮತ್ತೆ ಹೆಚ್ಚಿದುವು. ರಾತ್ರಿಯ ಹೊತ್ತು ಮದರಾಸು, ಹೈದರಾಬಾದು, ಮಂಗಳೂರು, ಮುಂಬಯಿಗಳಿಗೆ ಹೊರಡುವವರು ಟಿಕೆಟ್ ಕಚೇರಿಗಳ ಮುಂದೆ, ರಸ್ತೆಯ ಅಂಚಿನಲ್ಲಿ, ಮಳೆಯಲ್ಲಿಯೂ ನಿಂತು ಕಾಯುವುದು ಕಲಾಸಿಪಾಳ್ಯದ ನಿತ್ಯದೃಶ್ಯವಾಯಿತು. ಜನರ ಬಾಯಲ್ಲಿ ಅದು ಬಸ್ ಸ್ಟ್ಯಾಂಡು. ಕಾನೂನಿನಲ್ಲಿ ಆ ವಾಹನಗಳು ಒಬ್ಬೊಬ್ಬರನ್ನಾಗಿ ಹತ್ತಿಸಿಕೊಳ್ಳುವ ಬಸ್ಸುಗಳೇ ಅಲ್ಲ. ಹೆಸರಿನಲ್ಲಿ ಸ್ಟ್ಯಾಂಡಿದ್ದು ನೆಲದ ಮೇಲೆ ಸೂರಿಲ್ಲದ ಈ ಸ್ಥಿತಿಯಲ್ಲಿ, ನಾವು ಮೊದಲು ಕೇಳಿದ ಪ್ರಶ್ನೆಗೆ ಕಲಾಸಿಪಾಳ್ಯ ಕೊಟ್ಟ ಉತ್ತರ ಕಠಿಣವಾದುದು: ವಾಹನಕ್ಕೂ ಸ್ಥಳವಿಲ್ಲ, ಮನುಷ್ಯನಿಗೂ ಇಲ್ಲ, ಇಬ್ಬರೂ ಬೀದಿಯಲ್ಲಿಯೇ ನಿಲ್ಲತಕ್ಕದ್ದು. ೨೦೨೩ರ ಫೆಬ್ರವರಿಯಲ್ಲಿ ನಗರ ಸಾರಿ‌ಗೆ ಸಂಸ್ಥೆಯ ಹೊಸ ನಿಲ್ದಾಣ ಇಲ್ಲಿ ಉದ್ಘಾಟನೆಗೊಂಡಿತು. ಕಟ್ಟಡದ ಮೇಲಿನ ಹೆಸರು ಏನೇ ಇರಲಿ, ಜನ ಅದನ್ನು ಕರೆಯುವುದು ಹಳೆಯ ಹೆಸರಿನಿಂದಲೇ.

೬

ಬಳಕೆ ಬಲಿತಂತೆ ‘ಬಸ್ ಸ್ಟ್ಯಾಂಡ್’ ಸಾಮಾನ್ಯನಾಮದಿಂದ ಸ್ಥಳನಾಮದ ಪದವಿಗೆ ಏರುವುದನ್ನು ಬೇರೆ ಊರುಗಳಲ್ಲಿಯೂ ಕಾಣಬಹುದು. ಹುಬ್ಬಳ್ಳಿಯಲ್ಲಿಯೂ ಕಾಸರಗೋಡಿನಲ್ಲಿಯೂ ‘ಹಳೆ ಬಸ್ ಸ್ಟ್ಯಾಂಡ್’, ‘ಹೊಸ ಬಸ್ ಸ್ಟ್ಯಾಂಡ್’ ಎಂಬುವು ಪ್ರದೇಶಗಳ ಹೆಸರುಗಳು. ಉಡುಪಿಯಲ್ಲಿ ‘ಸರ್ವಿಸ್ ಬಸ್ ಸ್ಟ್ಯಾಂಡ್’, ‘ಸಿಟಿ ಬಸ್ ಸ್ಟ್ಯಾಂಡ್’ ಎಂಬ ವಿಭಾಗವಿದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸುಗಳ ನಿಲ್ದಾಣ ಎಂದೋ ಸ್ಥಳಾಂತರವಾದ ಮೇಲೂ ‘ಹಳೆ ಬಸ್ ಸ್ಟ್ಯಾಂಡ್’ ಎಂಬ ಹೆಸರು ಉಳಿದಿದೆ. ಬಸ್ಸೂ ನಿಲ್ಲದ, ಬಸ್ಸಿಗಾಗಿ ಜನವೂ ನಿಲ್ಲದ ಜಾಗಕ್ಕೆ ಬಸ್ ಸ್ಟ್ಯಾಂಡೆಂಬ ಹೆಸರು ಸಲ್ಲುವುದಾದರೆ ಆ ಪದ ಅವಯವಾರ್ಥವನ್ನು ಪೂರ್ಣವಾಗಿ ಬಿಟ್ಟು ರೂಢಿಯನ್ನು ಆಶ್ರಯಿಸಿತೆಂದೇ ಹೇಳಬೇಕು.

ಇನ್ನು ಕನ್ನಡದಲ್ಲಿ ಇದಕ್ಕೆ ಸಮಾನವಾಗಿ ರೂಪಿಸಿದ ಪದಗಳನ್ನು ನೋಡಬೇಕು. ಮುಖ್ಯವಾದುವು ಮೂರು: ನಿಲ್ದಾಣ, ನಿಲುಗಡೆ, ತಂಗುದಾಣ. ‘ತಾಣ’ವು ಸಂಸ್ಕೃತದ ‘ಸ್ಥಾನ’ದ ತದ್ಭವ, ‘ನಿಲ್’ ಧಾತುವಿಗೆ ಅದು ಸೇರಿದಾಗ ತಕಾರಕ್ಕೆ ದಕಾರ ಆದೇಶವಾಗಿ ‘ನಿಲ್ದಾಣ’ವಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಮಸಂಸ್ಕೃತ ಪದದೊಡನೆ ಕನ್ನಡ ಪದವನ್ನು ಸೇರಿಸಿ ಸಮಾಸ ಮಾಡುವುದನ್ನು ಅರಿಸಮಾಸವೆಂದು ನಿಷೇಧಿಸಿದನು, ತದ್ಭವಕ್ಕೆ ಆ ನಿಷೇಧವಿಲ್ಲ. ಆದಕಾರಣ ‘ನಿಲ್ದಾಣ’ ನಿರ್ದುಷ್ಟ. ‘ಬಸ್ ನಿಲ್ದಾಣ’ದಂಥ ಸಮಾಸಗಳನ್ನು ಆತನು ಕಂಡಿರಲು ಸಾಧ್ಯವಿಲ್ಲವಾದರೂ, ಜನತೆ ಅವುಗಳನ್ನು ಮಿತ್ರಸಮಾಸಗಳಾಗಿಯೇ ಸ್ವೀಕರಿಸಿದೆ. ‘ಸ್ಟ್ಯಾಂಡ್’ ಮತ್ತು ‘ತಾಣ’ ಎರಡೂ ‘ಸ್ಥಾ’ ಧಾತುವಿನ ಸಂತತಿಯವೇ ಎಂಬುದನ್ನು ನೆನೆದರೆ ಈ ಮೈತ್ರಿ ರಕ್ತಸಂಬಂಧವೂ ಹೌದು.

ಅರ್ಥದ ದೃಷ್ಟಿಯಿಂದಾದರೋ ‘ನಿಲ್ದಾಣ’ದಲ್ಲಿ ಇಂಗ್ಲಿಷಿನ ತೊಡಕು ಹಾಗೆಯೇ ಉಳಿದಿದೆ. ‘ಸುಡುಗಾಡು’ ಎಂಬಲ್ಲಿ ಸುಡುವುದು ಕಾಡಲ್ಲ. ಯಾರು ಏನನ್ನು ಸುಡುತ್ತಾರೆಂಬುದನ್ನು ಸಮಾಸ ಹೇಳುವುದಿಲ್ಲ. ಹಾಗೆಯೇ ‘ನಿಲ್ದಾಣ’ವೂ ನಿಲ್ಲುವವರನ್ನು ಹೆಸರಿಸುವುದಿಲ್ಲ. ಅದಲ್ಲದೆ ಇಂಗ್ಲಿಷಿನಲ್ಲಿ ಚಲನೆಯನ್ನು ನಿಲ್ಲಿಸುವುದಕ್ಕೂ ಎದ್ದು ನಿಂತಿರುವುದಕ್ಕೂ ಬೇರೆಬೇರೆ ಧಾತುಗಳಿದ್ದರೆ ಕನ್ನಡದಲ್ಲಿ ಎರಡಕ್ಕೂ ‘ನಿಲ್ಲು’ ಒಂದೇ. ಇದರಿಂದ ‘ನಿಲುಗಡೆ’ ಇನ್ನೂ ಸಂದಿಗ್ಧವಾಗಿದೆ. ‘ಬಸ್ ನಿಲುಗಡೆ’ ಎಂದರೆ ಪ್ರಯಾಣಿಕನಿಗಾಗಿ ಬಸ್ಸು ಕ್ಷಣಕಾಲ ನಿಲ್ಲುವ ಸ್ಥಳ. ‘ವಾಹನ ನಿಲುಗಡೆ’ ಎಂದರೆ ಒಡೆಯನು ತನ್ನ ವಾಹನವನ್ನು ಗಂಟೆಗಟ್ಟಲೆ ಬಿಟ್ಟುಹೋಗುವ ಸ್ಥಳ. ಒಂದೇ ಪದ ಒಂದು ಫಲಕದಲ್ಲಿ ಜನರನ್ನು ಕರೆಯುತ್ತದೆ, ಇನ್ನೊಂದರಲ್ಲಿ ವಾಹನಗಳನ್ನು ಕರೆಯುತ್ತದೆ.

ಮೂರನೆಯದಾದ ‘ತಂಗುದಾಣ’ವೊಂದೇ ಈ ಸಂದೇಹದಿಂದ ದೂರವಾದುದು. ತಂಗುವವನು ಮನುಷ್ಯ, ಬಸ್ಸು ತಂಗುತ್ತದೆಂದು ಹೇಳುವ ವಾಡಿಕೆ ಕಡಿಮೆ. ರಸ್ತೆಯ ಬದಿಯ ಸಣ್ಣ ಸಣ್ಣ ಸೂರುಗಳ ಮೇಲೆ ‘ಪ್ರಯಾಣಿಕರ ತಂಗುದಾಣ’ ಎಂದು ಬರೆದಿರುವುದನ್ನು ನಾಡಿನ ಉದ್ದಕ್ಕೂ ಕಾಣಬಹುದು; ಅದನ್ನು ಕಟ್ಟಿಸಿದ ದಾನಿಯ ಹೆಸರನ್ನೋ, ಯಾರ ನೆನಪಿಗಾಗಿ ಕಟ್ಟಿಸಿತೆಂಬುದನ್ನೋ ಅನೇಕ ಕಡೆ ಕೆತ್ತಿಸಿರುತ್ತಾರೆ. ಛತ್ರ ಅರವಟ್ಟಿಗೆಗಳ ಹಳೆಯ ಧರ್ಮ ಈ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಿದೆ. ನೆರೆಯ ಭಾಷೆಗಳೊಡನೆ ಹೋಲಿಸಿದರೂ ಇದೇ ಭೇದ ತೋರುತ್ತದೆ. ಮರಾಠಿಯ ‘ಸ್ಥಾನಕ’, ತಮಿಳಿನ ‘ನಿಲೈಯಂ’ ಇವು ನಮ್ಮ ‘ನಿಲ್ದಾಣ’ದ ಜಾತಿಯವು. ತೆಲುಗರ ಸಾರಿಗೆ ಸಂಸ್ಥೆಯು ಫಲಕಗಳಲ್ಲಿ ಬಳಸಿದ ‘ಪ್ರಯಾಣ ಪ್ರಾಂಗಣಂ’ ಎಂಬುದರಲ್ಲಿಯಾದರೋ ಬಸ್ಸೂ ಇಲ್ಲ, ನಿಲ್ಲುವುದೂ ಇಲ್ಲ. ಪ್ರಯಾಣವೂ ಅದಕ್ಕೆ ಬೇಕಾದ ಅಂಗಳವೂ ಮಾತ್ರ ಇವೆ. ಆಡುಮಾತಿನಲ್ಲಿ ಆ ನಾಡುಗಳಲ್ಲಿಯೂ ‘ಬಸ್ ಸ್ಟ್ಯಾಂಡ್’ ಎಂಬುದೇ ಪ್ರಚುರವಾಗಿದೆ.

೭

ಮೇಲಿನ ವಿವೇಚನೆಯಿಂದ ತಿಳಿದುಬರುವ ಅಂಶಗಳನ್ನು ಸಂಗ್ರಹಿಸಬಹುದು. ‘ಬಸ್ ಸ್ಟ್ಯಾಂಡ್’ ಎಂಬ ಸಮಾಸ ಇಂಗ್ಲಿಷಿನಲ್ಲಿ ವಾಹನವನ್ನು ಕರ್ತೃವಾಗುಳ್ಳದ್ದು. ಕನ್ನಡದಲ್ಲಿ ಅದು ಏಕಪದವಾಗಿ ಬೆಸೆದುಕೊಂಡು ಮನುಷ್ಯನನ್ನು ಒಳಗೊಂಡಿತು. ಈ ಅರ್ಥವಿಸ್ತಾರವನ್ನು ಮಾಡಿದವರು ನಿಘಂಟುಕಾರರಲ್ಲ, ಮೂಟೆ ಹೊತ್ತು ಕಾದ ಪ್ರಯಾಣಿಕರು. ಶಾಸನಗಳ ಪರಿಭಾಷೆ ಮಾತ್ರ ಹಳೆಯ ಅರ್ಥದಲ್ಲಿಯೇ ನಿಂತಿತು. ಬಂಡಿಗಳ ಶುಲ್ಕದ ಕಾಲದಿಂದ ಬಂದ ಆ ಪರಿಭಾಷೆಯಲ್ಲಿ ವಾಹನ ನಿಲ್ಲುವ ಕಾಲಕ್ಕೆ ಅಳತೆಯಿದೆ, ಮನುಷ್ಯ ಕಾಯುವ ಕಾಲಕ್ಕೆ ಅಳತೆಯಿಲ್ಲ. ಈ ಅಂತರದ ಪರಿಣಾಮವನ್ನು ಕಲಾಸಿಪಾಳ್ಯದ ರಸ್ತೆಯಂಚಿನಲ್ಲಿ ಜನ ಅನುಭವಿಸಿದರು.

ಪದಗಳನ್ನು ಬದಲಿಸಿದ ಮಾತ್ರಕ್ಕೆ ಸೂರು ಏಳುವುದಿಲ್ಲವೆಂಬುದು ನಿಜ. ಬೆಂಗಳೂರಿನಲ್ಲಿ ನಗರ ಸಾರಿಗೆ ಸಂಸ್ಥೆ ಕಟ್ಟಿಸಿದ ದೊಡ್ಡ ನಿಲ್ದಾಣಗಳಿಗೆ ‘ಟಿ.ಟಿ.ಎಂ.ಸಿ.’ ಎಂಬ ಅಕ್ಷರಗಳ ಹೆಸರು ಬಂದರೂ ಪ್ರಯಾಣಿಕರು ಅವುಗಳನ್ನು ಬಸ್ ಸ್ಟ್ಯಾಂಡುಗಳೆಂದೇ ಕರೆಯುತ್ತಾರೆ, ಕರೆಯುವುದರಲ್ಲಿ ತಪ್ಪಿಲ್ಲ. ಆದರೆ ಊರಿನ ಯೋಜನೆಗಳನ್ನೂ ಸಾರಿಗೆಯ ಶಾಸನಗಳನ್ನೂ ಓದುವ ವಿದ್ಯಾರ್ಥಿ ‘ಸ್ಟ್ಯಾಂಡ್’, ‘ನಿಲ್ದಾಣ’, ‘ನಿಲುಗಡೆ’ ಎಂಬ ಪದಗಳು ಬಂದಲ್ಲೆಲ್ಲ ಅಲ್ಲಿ ನಿಲ್ಲುವವರು ಯಾರೆಂದು ಕೇಳಿಕೊಳ್ಳುವುದು ಒಳ್ಳೆಯದು. ಎಷ್ಟು ಬಸ್ಸುಗಳಿಗೆ ಜಾಗವಿದೆಯೆಂಬ ಅಂಕಿ ಅಂಥ ಬರಹಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಎಷ್ಟು ಜನ ಕುಳಿತು ಕಾಯಬಹುದೆಂಬುದನ್ನು ಹುಡುಕಬೇಕಾಗುತ್ತದೆ. ‘ಎಲ್ಲರಿಗೆ’ ಎಂಬ ಮಾತಿನ ಬಾಲವನ್ನು ನಾವು ದಿನಕ್ಕೆ ಹತ್ತು ಬಾರಿ ಉಚ್ಚರಿಸುತ್ತಿದ್ದೇವೆ. ಅದರ ತಲೆಯನ್ನೂ ನೆನಪಿನಲ್ಲಿಟ್ಟುಕೊಂಡರೆ, ಬಸ್ ಸ್ಟ್ಯಾಂಡೆಂಬುದು ಬಸ್ಸು ನಿಲ್ಲುವ ಸ್ಥಳವಾಗುವುದಕ್ಕೆ ಮೊದಲು ಎಲ್ಲರಿಗೂ ನಿಲ್ಲಲು ಹಕ್ಕಿರುವ ಸ್ಥಳವಾಗಬೇಕೆಂಬುದು ಅದರಿಂದಲೇ ಸಿದ್ಧವಾಗುತ್ತದೆ.